ಕರುವಿನ ಮೂಗುಪಟ್ಟಿ, ನನ್ನ ಎರಡು ಸುಳ್ಳು

ಹೊರಡುವ ಮುಂಚೆ: ಚಿಂಚಲಿ

ನಾನು ಹಾಲೆಂಡಿಗೆ ಹೋಗಿ ಬಂದವನು. ರಾಯಬಾಗ ತಾಲೂಕಿನಿಂದ ನನಗಿಂತ ಮೊದಲು ಯಾರಾದರೂ ಅಲ್ಲಿಗೆ ಹೋಗಿದ್ದರೆ ದಯವಿಟ್ಟು ನನಗೆ ಹೇಳಬೇಡಿ. ನಾನೇ ಮೊದಲಿಗ ಎಂದು ಊರ ತುಂಬ ಸಾರಿ ಆಗಿದೆ. ಅದೂ ನಾನಾಗಿ ಹೋದದ್ದಲ್ಲ. ಅಲ್ಲಿನ ಒಂದು ಮ್ಯೂಸಿಯಂ ಕಾಗದ ಬರೆದು, ಟಿಕೆಟ್ಟು ಕಳಿಸಿ, ಬನ್ನಿ ಬನ್ನಿ ಎಂದು ಕರೆಸಿಕೊಂಡಿತು.

ಯಾಕೆ ಕರೆಸಿಕೊಂಡಿತು ಎನ್ನುವುದಕ್ಕೆ ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ನಾನು ರಾಯಬಾಗದ ಹೈಸ್ಕೂಲಿಗೆ ಹೊಸದಾಗಿ ಸೇರಿದ ಇಂಗ್ಲಿಷ್ ಮಾಸ್ತರ. ದಪ್ಪ ಮೀಸೆ, ತೆಳ್ಳಗಿನ ಸಂಬಳ, ಬಾಯಿ ಬಿಟ್ಟರೆ ಚೇಷ್ಟೆ. ನನ್ನ ಊರು ಚಿಂಚಲಿಗೆ ಹಾಲೆಂಡಿನಿಂದ ಒಬ್ಬ ಹೆಂಗಸು ಬಂದಿದ್ದಳು. ದನಕರುಗಳ ಕೊರಳಪಟ್ಟಿ, ಗಂಟೆ, ಹಗ್ಗ, ಇಂಥವನ್ನೆಲ್ಲ ಮ್ಯೂಸಿಯಮ್ಮಿಗೆಂದು ಕೊಂಡುಕೊಳ್ಳುತ್ತಿದ್ದಳು. ಊರಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ದುಭಾಷಿ ನಾನಾದೆ.

ಅವಳನ್ನು ನನ್ನ ದೋಸ್ತ ಲಗಮಣ್ಣನಲ್ಲಿಗೆ ಕರೆದುಕೊಂಡು ಹೋದೆ. ಲಗಮಣ್ಣ ಚರ್ಮದ ಕೆಲಸದವನು. ಅವನ ಗೂಟಕ್ಕೆ ಒಂದು ಮೂಗುಪಟ್ಟಿ ತೂಗುತ್ತಿತ್ತು. ಹಾಲು ಬಿಡಿಸಬೇಕಾದ ಕರುವಿನ ಮೂಗಿಗೆ ಕಟ್ಟುವ ಪಟ್ಟಿ ಅದು. ಹೊರಮೈಗೆ ಮೊಳೆಗಳು. ಕರು ಕೆಚ್ಚಲಿಗೆ ಬಾಯಿ ಹಾಕಿತೋ, ಮೊಳೆ ಚುಚ್ಚಿ ತಾಯಿ ಒದೆಯುತ್ತದೆ. ನಾಲ್ಕು ದಿನ ಒದೆಸಿಕೊಂಡ ಕರು ತಾನಾಗಿ ಹುಲ್ಲಿಗೆ ಬರುತ್ತದೆ. ಇಷ್ಟೇ ಅದರ ಕೆಲಸ. ಆದರೆ ಲಗಮಣ್ಣ ಅದನ್ನೂ ಅಂದವಾಗಿ ಮಾಡಿದ್ದ. ಅಂಚಿಗೆ ಹೆಣೆದ ಚರ್ಮ, ಎರಡು ತುದಿಗೆ ಕೆಂಪು ಉಣ್ಣೆಯ ಗೊಂಡೆ.

“ಇದೇನು?” ಎಂದಳು ಅವಳು.

ನಾನು ಮುಖ ಗಂಭೀರ ಮಾಡಿ ಹೇಳಿದೆ: ನಮ್ಮ ಕಡೆ ಮದುಮಗ ಮೊದಲ ಸಲ ಅತ್ತೆಯ ಮನೆಗೆ ಹೋಗುವಾಗ ಇದನ್ನು ಮುಖಕ್ಕೆ ಕಟ್ಟಿಕೊಂಡು ಹೋಗುತ್ತಾನೆ. ಅತ್ತೆ ಅಳಿಯನನ್ನು ಅತಿಯಾಗಿ ಮುದ್ದು ಮಾಡಬಾರದು ನೋಡಿ, ಅದಕ್ಕೆ.

ಅವಳು ಅದನ್ನು ಭಯಭಕ್ತಿಯಿಂದ ಬರೆದುಕೊಂಡಳು.

“ಏನಂದ್ರಿ ಮಾಸ್ತರ ಆಕಿಗೆ?” ಎಂದು ಲಗಮಣ್ಣ ಕೇಳಿದ. ಹೇಳಿದೆ. ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

ಆಮೇಲೆ ಅವಳು, ಇದನ್ನು ಮಾಡಿದವರು ಯಾರು ಎಂದು ಕೇಳಿದಳು. ನಗೆಯ ಅಮಲು ಇನ್ನೂ ಇಳಿದಿರಲಿಲ್ಲ. “ನಾನೇ” ಎಂದೆ. ಅದನ್ನು ಮಾತ್ರ ಲಗಮಣ್ಣನಿಗೆ ಹೇಳಲಿಲ್ಲ. ಅವಳು ನನ್ನ ಹೆಸರು, ವಿಳಾಸ ಬರೆದುಕೊಂಡಳು. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಫೋಟೋ ಹೊಡೆದಳು. ನಾನು ಮೀಸೆ ತಿರುವಿ ನಿಂತೆ.

ಲಗಮಣ್ಣ ತೀರಿಕೊಂಡ. ನಾನು ನಿವೃತ್ತನಾದೆ. ನಮ್ಮ ಕಡೆ ಎಲ್ಲರ ಕೈಗೂ ವಾಟ್ಸಾಪ್ ಬಂದು ಒಂದೆರಡು ವರ್ಷವಾಗಿತ್ತು, ಆಗ ಬಂತು ಆ ಕಾಗದ. ಅಲ್ಲಿನ ಹಲವು ಮ್ಯೂಸಿಯಂಗಳು ಸೇರಿ ತಮ್ಮಲ್ಲಿರುವ ಸಾಮಾನುಗಳನ್ನೆಲ್ಲ ಕಂಪ್ಯೂಟರಿನ ಒಂದೇ ಯಾದಿಗೆ ಏರಿಸುತ್ತಿದ್ದಾರಂತೆ. ಒಬ್ಬರು ಬರೆದದ್ದು ಎಲ್ಲರಿಗೂ ಕಾಣುತ್ತದೆ. ಮಾಡಿದವರು ಬದುಕಿದ್ದರೆ ಕರೆಸಿ, ತೋರಿಸಿ, ಅವರಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಅವರ ಆಸೆ. ಬದುಕಿದ್ದವನು ನಾನೊಬ್ಬ.

ರಾಯಬಾಗದ ಚಹಾದಂಗಡಿಯಲ್ಲಿ ಆ ಕಾಗದವನ್ನು ಎಷ್ಟು ಸಲ ಬಿಚ್ಚಿ ಮಡಚಿದೆನೆಂದರೆ, ಮಡಿಕೆಯಲ್ಲೇ ಹರಿಯಿತು.

ಹೊರಡಲು ವಾರವಿರುವಾಗ ಸುಜಾತಾ ಬಂದಳು. ಲಗಮಣ್ಣನ ಮೊಮ್ಮಗಳು, ನನ್ನ ಕೈಯಲ್ಲಿ ಕಲಿತವಳು. ಈಗ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ.

“ಸರ್, ಹಾಲೆಂಡಿಗೆ ಹೊಂಟೀರಂತಲ್ರಿ.”

“ಹೌದವಾ. ಅಲ್ಲಿ ರಾಜಾ ಊಟಕ್ಕ ಕರದಾನ. ರೊಟ್ಟಿ ನೀವ ತರ್ರಿ ಅಂದಾನ.”

ಅವಳು ನಗಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. “ಅವರ ಯಾದಿಯೊಳಗ ಹುಡುಕಿ ತಗದೀನ್ರಿ ಇದನ್ನ. ಫೋಟೋ ನೋಡಿದ ಕೂಡ್ಲೇ ನಮ್ಮಪ್ಪ ಗುರ್ತ ಹಿಡದ, ಇದು ಮುತ್ಯಾಂದ ಅಂತ. ಕೆಳಗ ಮಾಡಿದಾವ್ರ ಹೆಸರು ನಿಮ್ಮದೈತಿ.”

“ಚೇಷ್ಟಿ ಮಾಡಿದ್ನಿವಾ ಆಗ.”

“ಗೊತ್ತೈತ್ರಿ. ಮುತ್ಯಾ ಮಾಡಿದ್ದು ಎಲ್ಲಾ ಮಂದಿ ದನದ ಮ್ಯಾಲ ಸವದ ಹೋಗ್ಯಾವು. ನಮ್ಮ ಮನ್ಯಾಗ ಒಂದ ತುಂಡ ಚರ್ಮ ಉಳಿದಿಲ್ಲ. ಜಗತ್ತಿನಾಗ ಉಳದದ್ದು ಇದೊಂದ. ನಾ ಎರಡ ಸಲ ಅವರಿಗಿ ಈಮೇಲ್ ಬರದೆ. ಮಾಡಿದಾವ್ರು ಖುದ್ದು ಬರಾಕತ್ತಾರ, ಅವರನ್ನ ಕೇಳ್ತೀವಿ ಅಂತ ಉತ್ತರಾ ಬಂತು.”

ನಾನು ಹಾಳೆಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿದೆ.

“ಹೆಸರ ಬದಲಿ ಮಾಡಿಸ್ಕೊಂಡ ಬರ್ರಿ ಸರ್. ಬ್ಯಾರೆ ಏನೂ ತರಬ್ಯಾಡ್ರಿ.”

“ತಗೋ, ಅದೇನ ದೊಡ್ಡ ಮಾತು” ಎಂದೆ. ಚಹಾ ಕುಡಿಯದೆ ಎದ್ದು ಹೋದಳು.

ವಿಮಾನದಿಂದ ಇಳಿದ ಮೇಲೆ

ವಿಮಾನದ ಬಗ್ಗೆ ಬರೆಯುವುದಿಲ್ಲ. ಮೀರಜಿನಿಂದ ಮುಂಬಯಿಗೆ ಹೋಗುವ ರೈಲಿನಲ್ಲಿ ಇದಕ್ಕಿಂತ ಹೆಚ್ಚು ಮಾತು ಸಿಗುತ್ತವೆ. ಅಲ್ಲಿ ಇಳಿದಾಗ ಒಬ್ಬ ಅಧಿಕಾರಿ ನನ್ನ ಶೇಂಗಾ ಚಟ್ನಿಯ ಡಬ್ಬಿ ತೆರೆಸಿ, ಬಗ್ಗಿ ಮೂಸಿ ನೋಡಿದ. ಖಾರ ಮೂಗಿಗೆ ಹತ್ತಿ ಏಳೆಂಟು ಸಲ ಸೀನಿದ. ನನ್ನ ಹಿಂದಿನ ಸಾಲು ಅವನು ಸೀನು ಮುಗಿಸುವ ತನಕ ಕಾಯಿತು. ಬೇರೆ ಡಬ್ಬಿಗಳನ್ನು ಅವನು ಮುಟ್ಟಲಿಲ್ಲ.

ಮ್ಯೂಸಿಯಂ ಇದ್ದ ಊರು ಸಣ್ಣದು. ನಮ್ಮ ಕೃಷ್ಣೆಯ ದಂಡೆಯ ಹಾಗೆ ಸಪಾಟು, ಹಸಿರು. ಆದರೆ ಕಬ್ಬಿಲ್ಲದ್ದರಿಂದ ಕಣ್ಣಿಗೆ ಅಡ್ಡ ಏನೂ ಬರುವುದಿಲ್ಲ. ಒಂದು ಹಸು ಮಲಗಿದ್ದರೆ ಎರಡು ಮೈಲಿ ದೂರಕ್ಕೂ ಕಾಣುತ್ತದೆ. ಪ್ರತಿ ಹಸುವಿನ ಕಿವಿಗೆ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಮನೆಗಳ ಕಿಟಕಿಗೆ ಪರದೆಯೇ ಇಲ್ಲ. ದಾರಿಯಲ್ಲಿ ಹೋಗುವಾಗ ಒಳಗಿನವರು ಏನು ತಿನ್ನುತ್ತಿದ್ದಾರೆ, ಏನು ಓದುತ್ತಿದ್ದಾರೆ ಎಲ್ಲ ಕಾಣುತ್ತದೆ. ನಾನು ನಿಂತು ನೋಡಿದೆ. ಬೇರೆ ಯಾರೂ ನೋಡುತ್ತಿರಲಿಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ತೋರಿಸಲು ಹಾಗೆ ಬಿಟ್ಟಿರುತ್ತಾರೆ ಎಂದು ಯಾರೋ ಹೇಳಿದರು. ಆ ಮಾತು ನನಗೆ ಅಷ್ಟು ಹಿತವಾಗಲಿಲ್ಲ.

ನನ್ನನ್ನು ಎದುರುಗೊಂಡವಳು ಹನ್ನಾ. ಐವತ್ತರ ಆಸುಪಾಸಿನವಳು, ಆ ಯಾದಿಯನ್ನು ಬರೆಯುವ ಕೆಲಸ ಅವಳದು. ಜೊತೆಗೆ ಯಾನ್ ಎಂಬ ನನ್ನ ವಯಸ್ಸಿನ ಮುದುಕ. ಮೊದಲು ಒಕ್ಕಲುತನ ಮಾಡಿದವನು, ಈಗ ವಾರಕ್ಕೆರಡು ದಿನ ಬಂದು ಸಾಮಾನುಗಳಿಗೆ ನಂಬರು ಕಟ್ಟುತ್ತಾನೆ. ದನಗಳಿಗೆ ಕಟ್ಟಿ ಕಟ್ಟಿ ರೂಢಿಯಾಗಿದೆ ಎಂದ. ಅವನು ಆಡಿದ್ದು ಇಂಗ್ಲಿಷೇ, ಆದರೆ ಧಾಟಿ ಥೇಟ್ ರಾಯಬಾಗದ ಸಂತೆಯದು. ಅದಕ್ಕೇ ಅವನ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

ಹನ್ನಾ ಕಾಫಿ ಕೊಟ್ಟಳು. ಬಿಸ್ಕಿಟ್ಟಿನ ಡಬ್ಬಿ ತೆರೆದು ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಟಪ್ಪೆಂದು ಮುಚ್ಚಳ ಹಾಕಿದಳು. ನಮ್ಮಲ್ಲಿಯಾದರೆ ಬೇಡ ಬೇಡ ಎಂದವನ ತಟ್ಟೆಗೆ ಮತ್ತೆರಡು ಬೀಳುತ್ತವೆ.

“ಯಾಕ, ಡಬ್ಬಿ ಕಡೆ ನೋಡಾಕತ್ತೀರಿ?” ಎಂದ ಯಾನ್.

“ಒಳಗಿನ ಬಿಸ್ಕಿಟ್ಟು ಉಸಿರ ಕಟ್ಟಿ ಸಾಯಬಾರದಲ್ಲಾ ಅಂತ” ಎಂದೆ.

ಅವನು ನಕ್ಕು, ಡಬ್ಬಿ ತೆರೆದು ನನಗೊಂದು ತನಗೊಂದು ತೆಗೆದ. ಹನ್ನಾ ನೋಡಿಯೂ ನೋಡದ ಹಾಗೆ ಇದ್ದಳು.

ಉಗ್ರಾಣ

ಮಾರನೆಯ ದಿನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಅಥಣಿ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಹಾಗೆ ತಣ್ಣಗೆ. ಕಬ್ಬಿಣದ ಕಪಾಟುಗಳು, ಅಗಲವಾದ ಡ್ರಾಯರುಗಳು. ಧೂಳಿಲ್ಲ, ವಾಸನೆಯಿಲ್ಲ. ನನ್ನ ಅಥಣಿ ಚಪ್ಪಲಿಯ ಕರ್ ಕರ್ ಸದ್ದು ಅಲ್ಲಿ ಬಂದೂಕು ಹಾರಿಸಿದಂತೆ ಕೇಳುತ್ತಿತ್ತು.

ಹನ್ನಾ ಕೈಗವಸು ಹಾಕಿಕೊಂಡು ಒಂದು ಡ್ರಾಯರು ಎಳೆದಳು. ಮೂಗುಪಟ್ಟಿ ಬಿಳಿ ಹಾಸಿನ ಮೇಲೆ ಮೊಳೆ ಮೇಲಾಗಿ ಮಲಗಿತ್ತು. ಗೊಂಡೆಯ ಕೆಂಪು ಸ್ವಲ್ಪವೂ ಮಾಸಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಇಂಥವು ಎಷ್ಟು ಹರಿದು, ಎಷ್ಟು ತಿಪ್ಪೆಗೆ ಹೋದವೋ. ಇದೊಂದನ್ನು ಹಸುಗೂಸಿನ ಹಾಗೆ ಕಾದಿದ್ದರು.

ಆಮೇಲೆ ಕಂಪ್ಯೂಟರು ತೋರಿಸಿದಳು. ಓದಿದೆ: ಮದುವೆಯ ಮುಖವಾಡ, ಮದುಮಗನು ಅತ್ತೆಯ ಮನೆಗೆ ಮೊದಲ ಭೇಟಿಯಲ್ಲಿ ಧರಿಸುವನು. ಬದಿಯಲ್ಲಿ ನಾನು, ಮೀಸೆ ಸಮೇತ. ಹನ್ನಾ ಹೆಮ್ಮೆಯಿಂದ ಇನ್ನೆರಡು ಪುಟ ತೆರೆದಳು. ಬೇರೆ ಎರಡು ಊರಿನ ಮ್ಯೂಸಿಯಂಗಳಲ್ಲೂ ಇಂಥವೇ ಪಟ್ಟಿಗಳಿದ್ದವಂತೆ, ಬೇರೆ ಬೇರೆ ದೇಶದಿಂದ ಬಂದವು. ಏನೆಂದು ಗೊತ್ತಿರದೆ ಇಟ್ಟುಕೊಂಡಿದ್ದರು. ಈ ಯಾದಿಯಲ್ಲಿ ನನ್ನ ವಿವರಣೆ ನೋಡಿ, ಅವರೂ ಅದನ್ನೇ ಬರೆದುಕೊಂಡಿದ್ದರು. ಒಬ್ಬ ಮಾಸ್ತರನ ಬಾಯಿಂದ ಹೊರಟದ್ದು ಮೂರು ಮ್ಯೂಸಿಯಮ್ಮಿನ ಮದುಮಗಂದಿರ ಮುಖಕ್ಕೆ ಮೊಳೆ ಹೊಡೆದಿತ್ತು.

ಯಾನ್ ಅಷ್ಟು ಹೊತ್ತು ಡ್ರಾಯರಿನ ಮೇಲೆ ಬಗ್ಗಿ ನಿಂತಿದ್ದ. “ಒಂದ ಮಾತ ಕೇಳ್ಲೇನ್ರಿ?” ಎಂದ. “ನಮ್ಮಪ್ಪನ ಕೊಟ್ಟಿಗ್ಯಾಗೂ ಇಂಥಾದ್ದಿತ್ತು. ಕರುವಿನ ಮೂತಿಗಿ ಕಟ್ಟತಿದ್ವಿ. ಎರಡ ವರ್ಷದಿಂದ ಇದನ್ನ ಓದಾಕತ್ತೀನಿ. ನಿಮ್ಮ ದೇಶದಾಗ ಅಳಿಯಂದಿರನ್ನೂ ಹಾಲ ಬಿಡಸ್ತಾರೇನ ಅಂತ ನನಗ ಭಾಳ ದಿವಸದಿಂದ ಸಂಶಯ ಐತಿ.”

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಇಬ್ಬರೂ ಒಂದೇ ಸಲ ನಕ್ಕೆವು. ಒಪ್ಪಿಕೊಂಡೆ. ಹನ್ನಾ ಮೊದಲು ಕೆಂಪಾದಳು, ಆಮೇಲೆ ಅವಳಿಗೂ ನಗೆ ತಡೆಯಲಾಗಲಿಲ್ಲ. ಅಲ್ಲಿಯೇ ಕೂತು ‘ಕರುವಿನ ಹಾಲು ಬಿಡಿಸುವ ಪಟ್ಟಿ’ ಎಂದು ತಿದ್ದಿದಳು. ಇನ್ನೆರಡು ಮ್ಯೂಸಿಯಂಗಳಿಗೂ ಬರೆದಳು.

ಎರಡನೆಯ ಸುಳ್ಳನ್ನೂ ಒಪ್ಪಿಕೊಳ್ಳಲು ಅದೇ ಸರಿಯಾದ ಹೊತ್ತು. ಬಾಯಿಯೂ ತೆರೆದಿದ್ದೆ. ಅಷ್ಟರಲ್ಲಿ ಹನ್ನಾ, “ಆದರೂ ಏನು ಕೈಚಳಕ ನಿಮ್ಮದು! ಈ ಅಂಚು ನೋಡಿ” ಎಂದಳು.

ನಗಿಸಿದವನೆಂದು ಕರೆಸಿಕೊಳ್ಳುವುದು ಸುಲಭ, ಇನ್ನೊಬ್ಬನ ಕೆಲಸ ಕದ್ದವನೆಂದು ಕರೆಸಿಕೊಳ್ಳುವುದು ಕಷ್ಟ. ನಾನು ಬಾಯಿ ಮುಚ್ಚಿದೆ.

ಬುಧವಾರ

ಬುಧವಾರ ಮಧ್ಯಾಹ್ನ ಅವರು ನನಗೆ ತಿಳಿಸದೆ ಒಂದು ಏರ್ಪಾಡು ಮಾಡಿದ್ದರು. ಸಣ್ಣ ಕೋಣೆ, ಹತ್ತು ಹನ್ನೆರಡು ಕುರ್ಚಿ, ಕುರ್ಚಿಗಳ ತುಂಬ ಜನ. ಮುಂದೆ ಒಂದು ಮೇಜು. ಮೇಜಿನ ಮೇಲೆ ಚರ್ಮದ ಹಾಳೆ, ದಾರ, ಮೊಳೆ, ದಬ್ಬಳ.

“ಸ್ವಲ್ಪ ಮಾಡಿ ತೋರಿಸಿ” ಎಂದಳು ಹನ್ನಾ. “ನೀವು ಮಾಡುವುದನ್ನು ವಿಡಿಯೋ ಮಾಡಿ ಯಾದಿಗೆ ಸೇರಿಸುತ್ತೇವೆ.”

ನಾನು ಕೂತೆ. ದಬ್ಬಳ ಹಿಡಿದೆ. ಲಗಮಣ್ಣನ ಅಂಗಳದಲ್ಲಿ ನಿಂತು ಎಷ್ಟೋ ಸಲ ನೋಡಿದ ಕೆಲಸ. ಅವನು ಚರ್ಮವನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ, ಮಾತಾಡುತ್ತಲೇ ತೂತು ಹಾಕುತ್ತಿದ್ದ, ಕೈ ತನ್ನಷ್ಟಕ್ಕೆ ಹೋಗುತ್ತಿತ್ತು. ನೋಡಿದವನಿಗೆ ಬರುತ್ತದೆ ಎಂದು ಒಂದು ಗಳಿಗೆ ನನಗೂ ಅನಿಸಿತು. ಒತ್ತಿದೆ. ದಬ್ಬಳ ಜಾರಿ ಎಡಗೈ ಹೆಬ್ಬೆರಳಿಗೆ ಹೊಕ್ಕಿತು. ಚರ್ಮದ ಮೇಲೆ ಎರಡು ಹನಿ ರಕ್ತ ಬಿತ್ತು. ಒಬ್ಬಳು ಓಡಿ ಹೋಗಿ ಗಾಯಕ್ಕೆ ಬ್ಯಾಂಡೇಜು ತಂದಳು. ಕುರ್ಚಿಯಲ್ಲಿದ್ದವರೆಲ್ಲ, ಪಾಪ ವಯಸ್ಸಾಗಿದೆ, ಕೈ ನಡುಗುತ್ತದೆ ಎಂಬಂತೆ ನೋಡಿದರು.

ನನ್ನ ಕೈ ನಡುಗುವುದಿಲ್ಲ. ಇವತ್ತಿಗೂ ಸೂಜಿಗೆ ದಾರ ಪೋಣಿಸುತ್ತೇನೆ. ಆ ಮರುಕವನ್ನು ಒಪ್ಪಿಕೊಂಡು ಎದ್ದುಬಿಡಬಹುದಿತ್ತು. ಚಪ್ಪಾಳೆಯನ್ನೂ ತಟ್ಟುತ್ತಿದ್ದರು.

“ನನಗೆ ಈ ಕೆಲಸ ಬರುವುದಿಲ್ಲ” ಎಂದೆ. “ಯಾವತ್ತೂ ಬರುತ್ತಿರಲಿಲ್ಲ. ಅದನ್ನು ಮಾಡಿದವನ ಹೆಸರು ಲಗಮಣ್ಣ. ಅಂದು ನಿಮ್ಮ ಕಡೆಯಿಂದ ಬಂದ ಹೆಂಗಸು ಕೇಳಿದಾಗ ಅವನು ನನ್ನ ಪಕ್ಕದಲ್ಲೇ ಇದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಷ್ಟೇ.”

ಯಾನ್ ಕಡೆ ನೋಡಿದೆ, ಅವನಾದರೂ ನಗುತ್ತಾನೆಂದು. ಅವನು ತನ್ನ ಬೂಟು ನೋಡುತ್ತಿದ್ದ.

ಗುರುವಾರ

ಬೆಳಿಗ್ಗೆ ಹನ್ನಾ ಕಾಫಿ ಕೊಟ್ಟಳು. ಡಬ್ಬಿ ತೆರೆಯಲಿಲ್ಲ.

“ಮೊದಲು ನೀವು ಹೇಳಿದ್ದನ್ನು ನಂಬಿದೆವು” ಎಂದಳು. “ಆಮೇಲೆ ಹೇಳಿದ್ದನ್ನೂ ನಂಬಿದೆವು. ಇವತ್ತು ಹೇಳುವುದನ್ನು ಯಾಕೆ ನಂಬಬೇಕು?”

ಜೋರು ಮಾಡಿ ಕೇಳಲಿಲ್ಲ. ಹವಾಮಾನ ಕೇಳಿದ ಹಾಗೆ ಕೇಳಿದಳು. ಹೆಸರು ಬದಲಿಸಬಲ್ಲವನು ನಾನೊಬ್ಬನೇ ಎಂದು ಸುಜಾತಾ ನನ್ನನ್ನು ನಂಬಿದ್ದಳು. ನನ್ನ ಮಾತಿಗೆ ಈಗ ಇಲ್ಲಿ ಬೆಲೆಯೇ ಉಳಿದಿರಲಿಲ್ಲ. ಬರಿಗೈಯಲ್ಲಿ ಹೋದರೆ ಅವಳ ಮುಂದೆ ಏನೆಂದು ನಿಲ್ಲಲಿ?

“ಅವನ ಮಗನಿದ್ದಾನೆ” ಎಂದೆ. “ಅವನನ್ನು ಕೇಳಿ.”

ಊರಲ್ಲಿ ಸಂಜೆಯಾಗಿ ಸುಜಾತಾ ಮನೆ ಸೇರುವ ತನಕ ಕಾದು, ಅವಳ ಫೋನಿಗೆ ವಿಡಿಯೋ ಕರೆ ಹಚ್ಚಿದೆವು. ಮೊದಲು ಅವರ ಮನೆಯ ಛಾವಣಿ ಕಂಡಿತು, ಆಮೇಲೆ ಪರಸಪ್ಪನ ಕಿವಿ, ಆಮೇಲೆ ಇಡೀ ಪರಸಪ್ಪ. ಲಗಮಣ್ಣನ ಮಗ, ಸುಜಾತಾಳ ಅಪ್ಪ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ.

“ನಮಸ್ಕಾರ್ರಿ ಮಾಸ್ತರ. ಅಲ್ಲೆ ಥಂಡಿ ಭಾಳ ಐತೇನ್ರಿ?”

“ಐತಪಾ. ಪರಸೂ, ಇವರು ಪುರಾವೆ ಕೇಳಾಕತ್ತಾರ. ಇದು ನಿಮ್ಮಪ್ಪ ಮಾಡಿದ್ದು ಅನ್ನಾಕ ಏನರ ಗುರ್ತು ಐತೇನು?”

“ಅಪ್ಪಾ ಬರೇ ಚರ್ಮಾ ಕತ್ತರಿಸಿ ಮೊಳಿ ಹೊಡೀತಿದ್ದ್ರಿ. ಅಂಚ ಹೆಣಿಯೂದು, ಒಳಗಿನ ಕೆಲಸಾ ಎಲ್ಲಾ ನಮ್ಮವ್ವಂದು. ಒಳಗ ಹಸರ ಅರಬಿ ಹಚ್ಚಿರಬೇಕ ನೋಡ್ರಿ. ಮೂರ ಪದರ. ಒಂದ ಮೂಲ್ಯಾಗ ಕೆಂಪ ದಡಿ. ಅವ್ವನ ಹಳೇ ಸೀರಿ ಅದು. ಆ ಹಾಲೆಂಡಿನಾಕಿ ಬಂದ ವರ್ಷ ಮಾಡಿದ್ದಕ್ಕೆಲ್ಲಾ ಆ ಸೀರೀನ ಹರದ ಹಚ್ಚಿದ್ಲು.”

“ಅರಬಿ ಯಾಕ?”

“ಕರುವಿನ ಮೂಗ ಕೆತ್ತಬಾರದಲ್ರಿ. ಮೊಳಿ ಹೊರಗ ಆಕಳಿಗೆ. ಒಳಗ ಕರಾನ ಇರತೈತೆಲ್ಲಾ. ಹಾಲೂ ಬಿಡಸೂದು, ಮೂಗೂ ಹರಿಯೂದು ಅಂದ್ರ ಹೆಂಗಾ ಅಂತಿದ್ಲು ಅವ್ವ.”

ನಾನು ಹನ್ನಾಳಿಗೆ ಒಂದು ಅಕ್ಷರ ಕೂಡಿಸದೆ, ಕಳೆಯದೆ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ನೆಟ್ಟಗೆ ಅನುವಾದ ಮಾಡಿದ್ದು ಅದೇ ಮೊದಲು.

ಪಟ್ಟಿಯ ಒಳಮೈಯ ಫೋಟೋ ಯಾದಿಯಲ್ಲಿರಲಿಲ್ಲ. ಆ ಹೆಂಗಸು ಬರೆದಿಟ್ಟದ್ದರಲ್ಲೂ ಆ ಮಾತಿರಲಿಲ್ಲ. ನಾನಂತೂ ಅದನ್ನು ತಿರುವಿ ನೋಡಿದವನೇ ಅಲ್ಲ, ಅಂದೂ ಇಲ್ಲ, ಇಂದೂ ಇಲ್ಲ. ಹನ್ನಾ ಡ್ರಾಯರು ತಂದಳು. ಕೈಗವಸು ಹಾಕಿಕೊಂಡಳು. ಎರಡು ಕೈಯಿಂದ ಎತ್ತಿ, ಮೆಲ್ಲಗೆ ಮಗುಚಿದಳು.

ಹಸಿರು ಅರಿವೆ. ಅಂಚಿನಲ್ಲಿ ಎಣಿಸಿದರೆ ಮೂರು ಪದರ. ಮೂಲೆಯಲ್ಲಿ ಬೆರಳಗಲ ಕೆಂಪು ದಡಿ.

ಯಾನ್ ಟೋಪಿ ತೆಗೆದ. ಫೋನಿನಲ್ಲಿ ಸುಜಾತಾ, “ಅಪ್ಪಾ, ಕಾಣತೈತೇನ? ಅಪ್ಪಾ?” ಎನ್ನುತ್ತಿದ್ದಳು. ಪರಸಪ್ಪನ ಮುಖ ಪರದೆಯಿಂದ ಸರಿದು ಮತ್ತೆ ಛಾವಣಿ ಕಾಣುತ್ತಿತ್ತು.

ಹನ್ನಾ ಕೂತು ಬರೆಯತೊಡಗಿದಳು. ತಯಾರಿಸಿದವರು: ಲಗಮಣ್ಣ. “ಅವರ ಹೆಂಡತಿಯ ಹೆಸರು?” ಎಂದು ನನ್ನನ್ನು ಕೇಳಿದಳು.

ಚಿಂಚಲಿಯಲ್ಲಿ ಊರದೇವಿ ಮಾಯಕ್ಕನ ಹೆಸರಿನ ಹೆಂಗಸರು ಮನೆಗೊಬ್ಬರಿದ್ದಾರೆ. “ಮಾಯವ್ವ” ಎಂದೆ. ಸಲೀಸಾಗಿ ಬಂದುಬಿಟ್ಟಿತು. ಅವಳ ಬೆರಳು ಅಕ್ಷರ ಒತ್ತಲು ಹೋಯಿತು.

“ತಡೆಯಿರಿ” ಎಂದೆ. “ನನಗೆ ಗೊತ್ತಿಲ್ಲ.”

ಲಗಮಣ್ಣ ಇರುವ ತನಕ ಆ ಅಂಗಳಕ್ಕೆ ಹೋದವನು ನಾನು. ನಮ್ಮ ಕೊಟ್ಟಿಗೆಯ ಎಷ್ಟೋ ದನಗಳು ಆ ಕೈಯ ಪಟ್ಟಿ ಕಟ್ಟಿಕೊಂಡು ಬೆಳೆದವು. ಅಂಗಳದ ಮೂಲೆಯಲ್ಲಿ ಒಬ್ಬಾಕೆ ಸೆರಗು ಹೊದ್ದು ಹೆಣೆಯುತ್ತ ಕೂತಿರುತ್ತಿದ್ದಳು. ಆಕೆಯ ಹೆಸರು ಕೇಳುವ ಪ್ರಸಂಗ ಬಂದಿರಲಿಲ್ಲ. ಹೊಸ್ತಿಲು ದಾಟಿ ಒಳಗೆ ಕೂತವನೂ ಅಲ್ಲ. ನಮ್ಮಂಥ ಮನೆಯವರು ಕೂರುತ್ತಿರಲಿಲ್ಲ.

“ಪರಸೂ” ಎಂದೆ ಫೋನಿಗೆ. “ನಿಮ್ಮವ್ವನ ಹೆಸರೇನಪಾ?”

ಛಾವಣಿ ಸರಿದು ಪರಸಪ್ಪನ ಮುಖ ಮತ್ತೆ ಬಂತು.

“ಬಾಳವ್ವ ಅಂತ್ರಿ.”

ಹನ್ನಾ ಬರೆದಳು. ಮಾಹಿತಿ ಕೊಟ್ಟವರು ಎಂಬಲ್ಲಿ ಪರಸಪ್ಪನ ಹೆಸರು ಹಾಕಿ, ಮಗ ಎಂದು ಬರೆದಳು. ನನ್ನ ಹೆಸರನ್ನೂ ಕೆಳಗೆ ಹಾಕಬೇಕಂತೆ. ಹಳೆಯ ತಪ್ಪು ಬರಹವನ್ನು ಅಳಿಸುವುದಿಲ್ಲವಂತೆ. ಯಾರು ಏನು ಹೇಳಿದ್ದರು, ಯಾವಾಗ ತಿದ್ದಿದೆವು ಎಂಬುದೂ ಅಲ್ಲೇ ಇರುತ್ತದೆ. “ಲಗಮಣ್ಣನವರಿಗೆ ನೀವೇನಾಗಬೇಕು?” ಎಂದು ಕೇಳಿದಳು. “ಇಲ್ಲೊಂದು ಜಾಗವಿದೆ, ಸಂಬಂಧ ಬರೆಯಬೇಕು. ಸ್ನೇಹಿತ ಎನ್ನಲೇ?”

ಊರೆಲ್ಲ ಹಾಗೇ ಹೇಳಿಕೊಂಡು ತಿರುಗಿದ್ದೆ. ಆದರೆ ಬಾಳವ್ವನ ಹೆಸರು ಆಗ ತಾನೇ ಕೇಳಿ ತಿಳಿದವನಿಗೆ ಹೂಂ ಎನ್ನಲು ಬಾಯಿ ಬರಲಿಲ್ಲ.

“ಖಾಲಿ ಬಿಡಿ” ಎಂದೆ. “ಅವನ ಮನೆಯವರನ್ನು ಕೇಳಿ ಹೇಳುತ್ತೇನೆ.”

ಮರಳಿ ಚಿಂಚಲಿ

ಬಂದ ಮೂರನೆಯ ದಿನ ಪರಸಪ್ಪನ ಮನೆಗೆ ಹೋದೆ. ಹನ್ನಾ ಕೊಟ್ಟ ಹೊಸ ಹಾಳೆ, ಒಳಮೈಯ ದೊಡ್ಡ ಫೋಟೋ ಒಯ್ದಿದ್ದೆ. ಭಾನುವಾರವಾದ್ದರಿಂದ ಸುಜಾತಾ ಇದ್ದಳು. ಒಳಗೆ ಕರೆದು ಕುರ್ಚಿ ಹಾಕಿದರು. ಕೂತೆ.

ಪರಸಪ್ಪ ಫೋಟೋ ಹಿಡಿದುಕೊಂಡು ಬೆಳಕಿನ ಕಡೆ ಹೋದ. ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಸುಜಾತಾ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು, ಗ್ರಂಥಪಾಲಕಿ ಓದುವ ಹಾಗೆ, ಒಂದೊಂದು ಸಾಲಿಗೂ ಬೆರಳಿಟ್ಟು. ಕೊನೆಯಲ್ಲಿ ಬೆರಳು ನಿಂತಿತು.

“ಸರ್, ನಿಮ್ಮ ಹೆಸರಿನ ಮುಂದ ಜಾಗಾ ಖಾಲಿ ಐತಿ.”

“ಅದನ್ನ ಕೇಳಾಕ ಬಂದೀನವಾ. ನಾ ನಿಮ್ಮ ಮುತ್ಯಾಗ ಏನಾಗಬೇಕಂತ ಅಲ್ಲೆ ಬರೀಬೇಕಂತ. ಪರಸೂ, ನಿಮ್ಮಪ್ಪಾ ನನಗ ಏನಂತಿದ್ದ?”

ಪರಸಪ್ಪ ಬಾಗಿಲಿನಿಂದ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನೆನಪು ಮಾಡಿಕೊಳ್ಳುತ್ತಿದ್ದ, ಅಷ್ಟೇ.

“ಗಿರಾಕಿ ಅಂತಿದ್ದ್ರಿ. ರಾಯಬಾಗ ಮಾಸ್ತರ, ನಮ್ಮ ಗಿರಾಕಿ ಅಂತ.”

“ಚೊಲೋ ಗಿರಾಕಿ ಅಂತಿದ್ದನೇನ, ನೆನಪ ಮಾಡ್ಕೊ” ಎಂದೆ. ನಗಿಸುವ ಚಟ ಅಷ್ಟು ಬೇಗ ಹೋಗುವುದಿಲ್ಲ.

“ಇಲ್ರಿ. ಬರೇ ಗಿರಾಕಿ.”

ಸುಜಾತಾ ನನ್ನ ಮುಖ ನೋಡಿದಳು. ಬರೆ ಎಂದೆ. ಅಲ್ಲಿಯೇ ಫೋನು ತೆಗೆದು ಹನ್ನಾಳಿಗೆ ಬರೆದು ಕಳಿಸಿದಳು. ಚಹಾ ಬಂತು. ಕುಡಿದೆ.

ಈಗ ಯಾರು ಬೇಕಾದರೂ, ಯಾವ ದೇಶದಲ್ಲಿ ಕೂತು ಬೇಕಾದರೂ, ಆ ಪುಟ ತೆರೆದು ನೋಡಬಹುದು. ತಯಾರಿಸಿದವರು: ಲಗಮಣ್ಣ, ಬಾಳವ್ವ. ಊರು: ಚಿಂಚಲಿ. ಒಳಪದರ: ಬಾಳವ್ವನ ಸೀರೆ, ಕರುವಿನ ಮೂಗು ಕೆತ್ತದಂತೆ. ಮಾಹಿತಿ ಕೊಟ್ಟವರು: ಪರಸಪ್ಪ, ಮಗ. ಅದರ ಕೆಳಗೆ ನನ್ನ ಹೆಸರು, ಮುಂದೆ ಒಂದೇ ಪದ, ಗಿರಾಕಿ.